ಆರ್ಲಿಂಗ್ಟನ್ ಗೋಪುರದಲ್ಲಿ ಗಂಟೆಗಳ ಕಛೇರಿ

ವಾಷಿಂಗ್ಟನ್ ನಗರದ ಎದುರು, ಪೊಟೊಮ್ಯಾಕ್ ನದಿಯಾಚೆಯ ಆರ್ಲಿಂಗ್ಟನ್‌ನಲ್ಲಿರುವ ನೆದರ್‌ಲೆಂಡ್ಸ್ ಕ್ಯಾರಿಲಾನ್ (ಒಬ್ಬರೇ ಕುಳಿತು ನುಡಿಸುವ ಗಂಟೆಗಳ ವಾದ್ಯ) ಗೋಪುರದಲ್ಲಿ ಬೇಸಿಗೆಯ ಶನಿವಾರ ಸಂಜೆ ನಡೆಯುವ ಗಂಟೆವಾದನಕ್ಕೆ ಟಿಕೆಟ್ಟಿನ ಗೊಡವೆಯಿಲ್ಲ. ಚಾಪೆ ಹಾಸಿ ಹುಲ್ಲಿನ ಮೇಲೆ ಕುಳಿತರಾಯಿತು. ಈ ಸಲ ಅತಿಥಿಯಾಗಿ ಬಂದಿದ್ದ ವಾದಕಿಯ ಕಛೇರಿ ನಡುವೆ ಕೊಂಚ ಸೊರಗಿತಾದರೂ, ಒಟ್ಟಿನಲ್ಲಿ ದೂರದಿಂದ ಹೋಗಿ ಕೇಳುವಷ್ಟು ಚೆನ್ನಾಗಿತ್ತು.

ಎರಡನೇ ಮಹಾಯುದ್ಧದ ಕಾಲದ ನೆರವಿಗೆ ಡಚ್ಚರು ಅಮೆರಿಕಕ್ಕೆ ಕೊಟ್ಟ ಉಡುಗೊರೆ ಇದು. 127 ಅಡಿ ಎತ್ತರದ ಈ ಉಕ್ಕಿನ ಗೋಪುರ, ನೆದರ್‌ಲೆಂಡ್ಸ್ ವಿಮೋಚನೆಗೊಂಡು ಹದಿನೈದು ವರ್ಷ ತುಂಬಿದ 1960ರ ಮೇ 5ರಂದು ಸಮರ್ಪಣೆಯಾಯಿತು. ಮೊದಲು 49 ಗಂಟೆಗಳಿದ್ದವು, 1995ರಲ್ಲಿ ಐವತ್ತನೆಯದು ಬಂದಿತು, ಈಚಿನ ಜೀರ್ಣೋದ್ಧಾರದ ನಂತರ ಅವು 53 ಆಗಿವೆ.

ಈ ಗಂಟೆಗಳು ತೂಗಾಡುವುದಿಲ್ಲ. ವಾದಕಿ ಮೇಲಿನ ಕೋಣೆಯಲ್ಲಿ ಕುಳಿತು ಮರದ ಹಿಡಿಗಳನ್ನು ಮುಷ್ಟಿಯಿಂದ ಒತ್ತುತ್ತಾರೆ, ದೊಡ್ಡ ಗಂಟೆಗಳಿಗೆ ಕಾಲಿನ ಪೆಡಲ್ ಬಳಸುತ್ತಾರೆ. ತಂತಿಗಳು ಗಂಟೆಯ ನಾಲಗೆಯನ್ನು ಎಳೆದು ಬಡಿಯುತ್ತವೆ. ಆದ್ದರಿಂದ ನಾದದ ಏರಿಳಿತವೆಲ್ಲ ಕೈಬಲದ್ದೇ. ಈಗಿನ ಬೆಲ್ಜಿಯಮ್ಮಿನ ಲೂವೆನ್ ನಗರದ ಮಟಿಯಾಸ್ ಫಾನ್ ಡೆನ್ ಗೇನ್ ಹದಿನೆಂಟನೇ ಶತಮಾನದಲ್ಲಿ ಈ ವಾದ್ಯಕ್ಕೆಂದೇ ರಚಿಸಿದ ಪೀಠಿಕೆಯೊಂದನ್ನು ನುಡಿಸಿದಾಗ ಅದು ಸ್ಪಷ್ಟವಾಯಿತು: ಸಣ್ಣ ಗಂಟೆಗಳ ಓಟವನ್ನು ಪಿಸುಮಾತಿನಷ್ಟು ಮೆತ್ತಗೆ ಆರಂಭಿಸಿದವರು, ಕೆಳಗಿನ ಗಂಟೆಯೊಂದನ್ನು ಸೇರಿಸುತ್ತಲೇ ಇಡೀ ಗುಡ್ಡಕ್ಕೆ ಕೇಳುವಂತೆ ಬೆಳೆಸಿದರು.

ಜನಪ್ರಿಯ ಚಿತ್ರಗೀತೆಗಳ ಸರದಿ ಬಂದಾಗ ಮಾತ್ರ ನನಗೆ ಬೇಸರವಾಯಿತು. ಬಡಿದ ಗಂಟೆಯನ್ನು ಇಲ್ಲಿ ತಡೆದು ನಿಲ್ಲಿಸುವ ವ್ಯವಸ್ಥೆಯಿಲ್ಲ. ಸ್ವರದ ಮೇಲೆ ಸ್ವರ ಉಳಿದುಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಾಮಾನ್ಯ ಗಂಟೆಯ ನಾದದೊಳಗೆ ಅದರ ಷಡ್ಜಕ್ಕೆ ಸಾಧಾರಣ ಗಾಂಧಾರವೊಂದು, ಅಂದರೆ ತಗ್ಗಿನ ‘ಗ’, ತಾನಾಗಿಯೇ ಬೆರೆತಿರುತ್ತದೆ. ಅದಕ್ಕಿಂತ ಅರ್ಧ ಸ್ವರ ಮೇಲಿನ ಅಂತರ ಗಾಂಧಾರವನ್ನು ನೆಚ್ಚಿಕೊಂಡ ಹರ್ಷದ ಹಾಡನ್ನು ಹಲವು ಸ್ವರಗಳನ್ನು ಒಮ್ಮೆಗೇ ಬಾರಿಸುವ ತುಂಬು ಮೇಳೈಕೆಗಳೊಡನೆ ಇದರಲ್ಲಿ ನುಡಿಸಿದರೆ ಎರಡು ಗಾಂಧಾರಗಳೂ ಜಗಳಕ್ಕೆ ನಿಂತಂತೆ ಕೇಳುತ್ತದೆ, ಶ್ರುತಿಗೆ ಪಳಗಿದ ಕಿವಿಗಂತೂ ಇದು ಹೆಚ್ಚೇ ಚುಚ್ಚುತ್ತದೆ. ಗಂಟೆಯೊಳಗಿನ ಇದೇ ಸಾಧಾರಣ ಗಾಂಧಾರದಿಂದಾಗಿ ವಿಷಾದದ ಛಾಯೆಯ ಕೃತಿಗಳು ಇಲ್ಲಿ ಅಪೂರ್ವವಾಗಿ ಹೊಂದುತ್ತವೆ. ಕೊನೆಯ ಭಾಗದಲ್ಲಿ ಅಂಥವನ್ನೇ ಆರಿಸಿದ್ದ ವಾದಕಿಯ ವಿವೇಕ ಮೆಚ್ಚುವಂಥದ್ದು. ಗಮಕವನ್ನಂತೂ ಯಾರೂ ನಿರೀಕ್ಷಿಸಬಾರದು.

ನದಿಯ ಮೇಲಿಂದ ರೇಗನ್ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಸೂಕ್ಷ್ಮವಾದ ಜಾಗಗಳನ್ನೇ ಹುಡುಕಿ ನುಂಗಿದವು. ಬಯಲು ಕಛೇರಿಯೆಂದರೆ ಅದನ್ನು ಸಹಿಸಬೇಕಾಗುತ್ತದೆ. ಗೋಪುರದ ಬುಡದಲ್ಲಿ ಕುಳಿತವರಿಗೆ ನಾದ ಕಲಸಿಹೋಗಿ ಬಡಿತವಷ್ಟೇ ಎದ್ದು ಕೇಳುತ್ತದೆ. ನೂರಿನ್ನೂರು ಅಡಿ ದೂರ ಸರಿದ ಮೇಲೆಯೇ ಮಂದ್ರ ಮತ್ತು ತಾರ ಒಂದಾಗಿ ಕೂಡಿದವು. ಲಿಂಕನ್ ಸ್ಮಾರಕ, ವಾಷಿಂಗ್ಟನ್ ಸ್ತಂಭ, ಕ್ಯಾಪಿಟಲ್ ಮೂರೂ ಒಂದೇ ಸಾಲಿನಲ್ಲಿ ಕಾಣುವ ಇಳಿಜಾರಿನ ಕಡೆಗೆ ಜನ ಸೇರುವುದು ನೋಟಕ್ಕಾಗಿಯೇ ಇದ್ದರೂ, ಕೇಳುವುದಕ್ಕೂ ಅದೇ ಸರಿಯಾದ ಜಾಗ. ರಾಸ್ಲಿನ್ ಮೆಟ್ರೊ ನಿಲ್ದಾಣದಿಂದ ನಡೆದೇ ಬರಬಹುದು. ಮಕ್ಕಳು ಓಡಾಡಿದರೂ ಯಾರೂ ಹುಬ್ಬು ಗಂಟಿಕ್ಕುವುದಿಲ್ಲವಾದ್ದರಿಂದ ಮನೆಮಂದಿಯೆಲ್ಲ ಹೋಗುವುದಕ್ಕೆ ಅಡ್ಡಿಯಿಲ್ಲ.