ಸ್ಕ್ರಾಲ್ ಲಾಕ್ ಇಲ್ಲದ ಲ್ಯಾಪ್‌ಟಾಪ್, ನುಡಿ, ಮತ್ತೆ ಶಾರ್ಪ್‌ಕೀಸ್

ತುಮಕೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ದಿನವಿಡೀ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲೇ ಕೆಲಸ. ಕ್ರಯದ ಕರಾರು, ಅರ್ಜಿ, ಮದುವೆ ಕಾಲದಲ್ಲಿ ಲಗ್ನಪತ್ರಿಕೆ. ಹಳೆ ಕಂಪ್ಯೂಟರ್ ಕೈಕೊಟ್ಟಾಗ ಲ್ಯಾಪ್‌ಟಾಪ್ ತಗೊಂಡೆ, ನುಡಿ ಹಾಕಿಕೊಂಡು ಕೂತರೆ ಕೀಬೋರ್ಡಿನಲ್ಲಿ ಸ್ಕ್ರಾಲ್ ಲಾಕೇ ಇಲ್ಲ! ನುಡಿ ಬಳಸುವವರಿಗೆ ಇದರ ಕಷ್ಟ ಗೊತ್ತು, ಕನ್ನಡದಿಂದ ಇಂಗ್ಲಿಷಿಗೆ ಹೋಗೋದು ಬರೋದು ಎಲ್ಲ ಆ ಒಂದು ಕೀಲಿಯಲ್ಲೇ. ಒಂದು ಕರಾರು ಪತ್ರದಲ್ಲಿ ಹೆಸರು ಕನ್ನಡ, ಪ್ಯಾನ್ ನಂಬರ್ ಇಂಗ್ಲಿಷ್, ಊರು ಮತ್ತೆ ಕನ್ನಡ, ಬ್ಯಾಂಕಿನ ಐಎಫ್‌ಎಸ್‌ಸಿ ಮತ್ತೆ ಇಂಗ್ಲಿಷ್.

ಒಂದು ವಾರ ವಿಂಡೋಸ್‌ನ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆದಿಟ್ಟು, ಅದರಲ್ಲಿರುವ ಸ್ಕ್ರಾಲ್ ಲಾಕನ್ನು ಪ್ರತಿ ಸಲ ಮೌಸ್‌ನಿಂದ ಒತ್ತುತ್ತಿದ್ದೆ. ಗುಬ್ಬಿ ಕಡೆಯ ಯಜಮಾನರೊಬ್ಬರು ಎದುರಿಗೇ ನಿಂತು "ಬೇಗ ಮಾಡ್ಕೊಡಪ್ಪ, ಬಸ್ಸು ಹೊರಟೋಗುತ್ತೆ" ಅಂತಿದ್ದರು, ನಾನು ಮೌಸ್ ಹುಡುಕುತ್ತಿದ್ದೆ. ಅವತ್ತು ರಾತ್ರಿಯೇ ಶಾರ್ಪ್‌ಕೀಸ್ ಹಾಕಿದೆ.

ಒಂದು ಕೀ ಒತ್ತಿದರೆ ಇನ್ನೊಂದು ಕೀಯ ಕೆಲಸ ಆಗುವಂತೆ ಬದಲಾಯಿಸುವ ಪುಟ್ಟ ತಂತ್ರಾಂಶ, ದುಡ್ಡು ಕೊಡಬೇಕಾಗಿಲ್ಲ. ಆಡ್ ಒತ್ತಿದರೆ ಎರಡು ಪಟ್ಟಿ ಬರುತ್ತದೆ. ಎಡಗಡೆ ನಾವು ಒತ್ತುವ ಕೀ, ಬಲಗಡೆ ಅದು ಏನಾಗಬೇಕೋ ಆ ಕೀ. ನಾನು ಎಡಗಡೆ ಕ್ಯಾಪ್ಸ್ ಲಾಕ್, ಬಲಗಡೆ ಸ್ಕ್ರಾಲ್ ಲಾಕ್ ಆರಿಸಿ, ರೈಟ್ ಟು ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಬರೆ ಅಂತ) ಒತ್ತಿ ರೀಸ್ಟಾರ್ಟ್ ಮಾಡಿದೆ. ಅಷ್ಟೇ. ಈಗ ಎಡಗೈ ಕಿರುಬೆರಳು ಸ್ವಲ್ಪ ಸರಿದರೆ ಸಾಕು, ಭಾಷೆ ಬದಲು. ಕ್ಯಾಪ್ಸ್ ಲಾಕ್ ಹೋಯ್ತಲ್ಲ ಅನ್ನಬೇಡಿ, ಪ್ಯಾನ್‌ನಲ್ಲಿ ಇರೋದು ಆರೇ ಇಂಗ್ಲಿಷ್ ಅಕ್ಷರ, ಶಿಫ್ಟ್ ಹಿಡಿದು ಹೊಡೆದರೆ ಆಯ್ತು.

ಮೈಕ್ರೋಸಾಫ್ಟ್‌ನವರದೇ ಪವರ್‌ಟಾಯ್ಸ್‌ನಲ್ಲೂ ಈ ಸೌಲಭ್ಯ ಇದೆ, ಅದೂ ಉಚಿತ. ರೀಸ್ಟಾರ್ಟ್ ಬೇಡ, ಕಂಟ್ರೋಲ್ ಜೊತೆ ಒತ್ತುವ ಶಾರ್ಟ್‌ಕಟ್‌ಗಳನ್ನೂ ಬದಲಾಯಿಸಬಹುದು. ಆದರೆ ಅದು ಹಿಂದುಗಡೆ ಸದಾ ಓಡುತ್ತಿರಬೇಕು, ನಿಂತರೆ ಕೀಲಿಗಳು ಮೊದಲಿನಂತೆ. ಶಾರ್ಪ್‌ಕೀಸ್ ಹಾಗಲ್ಲ. ವಿಂಡೋಸ್ ರಿಜಿಸ್ಟ್ರಿಯಲ್ಲಿ ಸ್ಕ್ಯಾನ್‌ಕೋಡ್ ಮ್ಯಾಪ್ ಅಂತ ಒಂದು ಜಾಗ ಇದೆ, ಅಲ್ಲಿ ಬರೆದಿಟ್ಟು ಸುಮ್ಮನಾಗುತ್ತದೆ, ಆಮೇಲೆ ಕೆಲಸವೆಲ್ಲ ವಿಂಡೋಸ್‌ನದೇ. ಪಾಸ್‌ವರ್ಡ್ ಹಾಕುವ ಪರದೆಯಲ್ಲೂ ನಡೆಯುತ್ತದೆ. ಅಂಗಡಿ ಕೆಲಸಕ್ಕೆ ನನಗೆ ಇದೇ ಸರಿ.

ಆಮೇಲೆ ಧೈರ್ಯ ಬಂದು ಬಲಗಡೆ ಆಲ್ಟನ್ನು ಕಂಟ್ರೋಲ್ ಮಾಡಿಕೊಂಡೆ, ಈ ಲ್ಯಾಪ್‌ಟಾಪಿನಲ್ಲಿ ಬಲಗಡೆ ಕಂಟ್ರೋಲ್ ಇಲ್ಲ. ಎಡಗೈಯಲ್ಲಿ ಸ್ಟಾಂಪ್ ಪೇಪರನ್ನು ಪ್ರಿಂಟರ್ ಬಾಯಿಗೆ ನೆಟ್ಟಗೆ ಹಿಡಿದುಕೊಂಡೇ, ಬಲಗೈ ಹೆಬ್ಬೆರಳು ಆ ಕೀ ಮೇಲಿಟ್ಟು ಇನ್ನೊಂದು ಬೆರಳಲ್ಲಿ ಪಿ ಒತ್ತುತ್ತೇನೆ. ಪ್ರಿಂಟ್ ಕಿಟಕಿ ತೆರೆಯುತ್ತದೆ, ಎಂಟರ್ ಹೊಡೆದರೆ ಪೇಪರ್ ಒಳಗೆ. ಮೊದಲು ಪೇಪರ್ ಬಿಟ್ಟು ಬರಬೇಕಿತ್ತು, ಸೊಟ್ಟ ಎಳೆದುಕೊಂಡು ಒಂದು ಸ್ಟಾಂಪ್ ಪೇಪರ್ ಹಾಳಾಗಿತ್ತು. ಇಂಗ್ಲಿಷ್ ಇಂಡಿಯಾ ಕೀಬೋರ್ಡ್ ಇಟ್ಟುಕೊಂಡವರು ಬಲ ಆಲ್ಟ್ ಜೊತೆ 4 ಒತ್ತಿ ₹ ತೆಗೆಯುತ್ತಾರಲ್ವಾ, ಅವರು ಹೀಗೆ ಬದಲಾಯಿಸಿಕೊಂಡರೆ ಇನ್ನು ಎಡಗಡೆಯ ಕಂಟ್ರೋಲ್, ಆಲ್ಟ್ ಎರಡೂ ಹಿಡಿದು 4 ಒತ್ತಬೇಕು.

ತೊಂದರೆಗಳೂ ಇವೆ. ಎಕ್ಸೆಲ್‌ನಲ್ಲಿ ಸ್ಕ್ರಾಲ್ ಲಾಕ್ ಆನ್ ಆಗಿದ್ದರೆ ಬಾಣದ ಕೀ ಒತ್ತಿದಾಗ ಸೆಲ್ ಬದಲಾಗಲ್ಲ, ಇಡೀ ಹಾಳೆಯೇ ಸರಿಯುತ್ತದೆ. ಇದು ಶಾರ್ಪ್‌ಕೀಸ್ ತಪ್ಪಲ್ಲ, ಆದರೆ ಗಿರಾಕಿ ಮುಂದೆ ಆದಾಗ ಗಾಬರಿ ಆಗುತ್ತೆ. ಹೊರಗಿನಿಂದ ಸಿಕ್ಕಿಸಿದ ಯುಎಸ್‌ಬಿ ಕೀಬೋರ್ಡಿಗೂ ಇದೇ ಬದಲಾವಣೆ ಅನ್ವಯ, ಒಂದಕ್ಕೆ ಮಾತ್ರ ಮಾಡಲು ಬರಲ್ಲ. ಅಡ್ಮಿನ್ ಅನುಮತಿ ಬೇಕು, ಆಫೀಸಿನ ಲ್ಯಾಪ್‌ಟಾಪ್ ಇದ್ದವರು ಕೇಳಿಕೊಂಡೇ ಮಾಡಿ.

ಇನ್ನೊಂದು ಮಾತು. ಶಾರ್ಪ್‌ಕೀಸನ್ನು ತೆಗೆದುಹಾಕಿದರೂ ರಿಜಿಸ್ಟ್ರಿಯಲ್ಲಿ ಬರೆದದ್ದು ಹಾಗೇ ಉಳಿಯುತ್ತದೆ. ಲ್ಯಾಪ್‌ಟಾಪ್ ಬೇರೆಯವರಿಗೆ ಕೊಡೋದಾದರೆ ಮೊದಲು ಡಿಲೀಟ್ ಆಲ್ ಒತ್ತಿ, ಮತ್ತೆ ರೈಟ್ ಟು ರಿಜಿಸ್ಟ್ರಿ ಮಾಡಿ, ರೀಸ್ಟಾರ್ಟ್ ಮಾಡಿ ಕೊಡಿ.