ಮೋಟಾರ್ ಬಂದ್ ಮಾಡಿ ಇಳಿಸೋಕೆ 450 ಸಾಕಾ, 500 ಬೇಕಾ?

ರಿಮೋಟ್‌ನಲ್ಲಿ ಹಾರಿಸುವ ಮಾದರಿ ಹೆಲಿಕಾಪ್ಟರ್‌ಗಳ ಮಾತು ಇದು; 450, 500 ಅಂದರೆ ಅವುಗಳ ಸೈಜು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 500ಕ್ಕೆ. ಹುಬ್ಬಳ್ಳಿಯಲ್ಲೇ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ತಗೊಂಡೆ. ಇಷ್ಟು ಸರಿಯಾಗಿ ಕೂತ ಖರೀದಿ ಈ ಹವ್ಯಾಸದಲ್ಲಿ ನನಗೆ ಇನ್ನೊಂದು ಸಿಕ್ಕಿಲ್ಲ. ಅದಕ್ಕೂ ಮುಂಚೆ ಒಂದು ಪುಟ್ಟ ಡೈರೆಕ್ಟ್ ಡ್ರೈವ್ ಹೆಲಿಕಾಪ್ಟರ್, ಆಮೇಲೆ ಒಂದು 450 ಇಟ್ಟುಕೊಂಡಿದ್ದೆ. ಮೂರರಲ್ಲೂ ಆಟೋರೊಟೇಷನ್, ಅಂದರೆ ಮೋಟಾರ್ ಬಂದ್ ಮಾಡಿ ಇಳಿಸೋದು, ಮಾಡಿ ನೋಡಿದ್ದೇನೆ.

ಇದು ಸುಮ್ನೆ ತೋರಿಕೆಗೆ ಮಾಡುವ ಕಸರತ್ತಲ್ಲ. ಮೇಲೆ ಹಾರುತ್ತಿದ್ದಾಗ ಟೇಲ್ ಬೆಲ್ಟ್, ಅಂದರೆ ಬಾಲದ ಸಣ್ಣ ಫ್ಯಾನ್ ತಿರುಗಿಸುವ ಬೆಲ್ಟ್, ಹರಿಯಿತು ಅನ್ನಿ. ಮೋಟಾರ್ ಓಡುವಷ್ಟು ಹೊತ್ತೂ ಬಾಡಿ ಗರಗರ ತಿರುಗುತ್ತದೆ. ರಿಮೋಟ್‌ನಲ್ಲಿ ಮೋಟಾರ್ ನಿಲ್ಲಿಸುವ ಥ್ರಾಟಲ್ ಹೋಲ್ಡ್ ಸ್ವಿಚ್ ಎಳೆದರೆ ಆ ತಿರುಗಿಸುವ ಬಲವೇ ಹೋಗುತ್ತದೆ, ಇಳಿಸೋಕೆ ಒಂದು ಅವಕಾಶ ಸಿಗುತ್ತದೆ. ಮೋಟಾರಿನ ವೈರ್ ಕಿತ್ತರೂ, ವೋಲ್ಟೇಜ್ ಇಳಿದು ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಮೋಟಾರ್ ನಿಲ್ಲಿಸಿದರೂ ಇರುವುದು ಇದೊಂದೇ ದಾರಿ. ಪಿಚ್, ಅಂದರೆ ಬ್ಲೇಡಿನ ಓರೆ, ಸ್ವಲ್ಪ ಮೈನಸ್‌ಗೆ ಇಳಿಸಬೇಕು. ಆಗ ಕೆಳಗಿನಿಂದ ಬರುವ ಗಾಳಿಯೇ ಬ್ಲೇಡ್ ತಿರುಗಿಸುತ್ತದೆ. ನೆಲ ಹತ್ತಿರ ಬಂದಾಗ ಮೂತಿ ಎತ್ತಿ ಓಟ ತಗ್ಗಿಸಬೇಕು. ಕೊನೆಗೆ ಬ್ಲೇಡಿನಲ್ಲಿ ಉಳಿದ ಸುತ್ತನ್ನು ಪ್ಲಸ್ ಪಿಚ್‌ಗೆ ಖರ್ಚು ಮಾಡಿ ಮೆತ್ತಗೆ ಕೂರಿಸಬೇಕು. ಆ ಉಳಿತಾಯ ಎಷ್ಟಿದೆ ಅನ್ನೋದರ ಮೇಲೆಯೇ ಎಲ್ಲಾ ನಿಂತಿದೆ.

ಪುಟ್ಟದರ ಬಗ್ಗೆ ಜಾಸ್ತಿ ಹೇಳೋಕೆ ಏನೂ ಇಲ್ಲ. ರೋಟರ್ (ಮೇಲಿನ ದೊಡ್ಡ ಬ್ಲೇಡುಗಳ ಜೋಡಣೆ) ನೇರ ಮೋಟಾರಿನ ಮೇಲೆ ಕೂತಿತ್ತು, ಬ್ಲೇಡ್ ತಿರುಗಿದರೆ ಮೋಟಾರೂ ತಿರುಗಬೇಕು, ಅದರ ಮ್ಯಾಗ್ನೆಟ್ ಎಳೆಯುತ್ತಲೇ ಇರುತ್ತದೆ. ಟೇಲ್‌ಗೆ ಬೇರೆ ಮೋಟಾರ್, ಹೋಲ್ಡ್ ಎಳೆದರೆ ಅದೂ ನಿಂತಿತು. ಮೂತಿ ತನ್ನ ಪಾಡಿಗೆ ರೋಟರ್ ತಿರುಗುವ ಕಡೆಗೇ ಹೊರಳುತ್ತಾ ಇಳಿಯುತ್ತಿತ್ತು. ಪಿಚ್ ಬದಲಾಗದ ಆಟಿಕೆ ಹೆಲಿಕಾಪ್ಟರ್‌ಗಳಲ್ಲಂತೂ ಇದು ಆಗುವ ಕೆಲಸವೇ ಅಲ್ಲ.

450ರ ಬ್ಲೇಡ್ 325 ಮಿಲಿಮೀಟರ್, 500ರದ್ದು 425. ನೂರು ಮಿಲಿಮೀಟರ್ ಏನು ಮಹಾ ಅನ್ನಿಸುತ್ತದೆ, ಅಲ್ವಾ? ಆದರೆ ಬ್ಲೇಡಿನ ಜಡತ್ವ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಉದ್ದಕ್ಕೇ 1.7 ಪಟ್ಟು ಬಂತು. ಬ್ಲೇಡಿನ ತೂಕ ದುಪ್ಪಟ್ಟು ಅಂತ ಹಿಡಿದರೆ ಒಟ್ಟು ಮೂರು ಪಟ್ಟು ದಾಟುತ್ತದೆ. ಮಷೀನ್ ತೂಕವೂ ಏರುತ್ತದೆ, ಸುತ್ತೂ ಸ್ವಲ್ಪ ಕಡಿಮೆ, ಹಾಗಾಗಿ ಲಾಭ ಪೂರ್ತಿ ಮೂರು ಪಟ್ಟಲ್ಲ. ಆದರೂ ದೊಡ್ಡ ಬ್ಲೇಡ್ ತಾನು ಕೂಡಿಟ್ಟ ಸುತ್ತನ್ನು ಗಾಳಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಭಾರದ ಬೀಸುಕಲ್ಲು ಗೂಟ ಬಿಟ್ಟ ಮೇಲೂ ಒಂದು ಸುತ್ತು ಜಾಸ್ತಿ ಹೋಗುತ್ತದಲ್ಲ, ಹಾಗೆ. 500ರಲ್ಲಿ ಮೂತಿ ಎತ್ತಿ, ಎತ್ತರ ಅಂದಾಜು ಮಾಡಿ, ತಪ್ಪಾದರೆ ಒಂಚೂರು ತಿದ್ದಿ, ಆಮೇಲೆ ಪಿಚ್ ಕೊಡೋಕೆ ಸಮಯ ಇರುತ್ತದೆ. 450ರಲ್ಲಿ ತಿದ್ದುವಷ್ಟರಲ್ಲಿ ಸುತ್ತು ಖಾಲಿ. ಕೊನೆಯ ಒಂದು ಮೊಳ ದೊಪ್ ಅಂತ ಬೀಳುತ್ತದೆ.

ಇನ್ನು ನನ್ನ ತಲೆ ತಿಂದ ವಿಷಯ: ಒನ್‌ವೇ ಬೇರಿಂಗ್. ದೊಡ್ಡ ಗೇರಿನ ನಡುವಿನ ಹಬ್‌ನೊಳಗೆ ಕೂತಿರುತ್ತದೆ. ಮೋಟಾರ್ ಓಡುವಾಗ ಒಳಗಿನ ಸಣ್ಣ ರೋಲರ್‌ಗಳು ರೋಟರ್ ಶಾಫ್ಟ್‌ಗೆ ಕೂಡಿದ ಸ್ಲೀವನ್ನು (ಕೊಳವೆಯನ್ನು) ಕಚ್ಚಿ ಹಿಡಿದು ರೋಟರ್ ತಿರುಗಿಸುತ್ತವೆ. ಮೋಟಾರ್ ನಿಂತಾಗ ಬಿಡುತ್ತವೆ, ರೋಟರ್ ಒಂದೇ ಓಡುತ್ತದೆ, ಗೇರು ನಿಲ್ಲುತ್ತದೆ. ನನ್ನ 450ರಲ್ಲಿ ಹಾಗಾಗುತ್ತಿರಲಿಲ್ಲ. ಹೋಲ್ಡ್ ಎಳೆದ ಕೂಡಲೇ ರೋಟರ್ ಸದ್ದು ಕುಸಿಯುತ್ತಿತ್ತು. ಪಿಚ್ ಎಷ್ಟು ಮೈನಸ್ ಕೊಟ್ಟರೂ ಮೇಲೇಳುತ್ತಿರಲಿಲ್ಲ, ಮೂತಿ ಒಂದು ಕಡೆ ಜಾರುತ್ತಿತ್ತು.

ಪಿಚ್ ಕರ್ವ್ (ಸ್ಟಿಕ್ ಎಲ್ಲಿದ್ದರೆ ಎಷ್ಟು ಪಿಚ್ ಅನ್ನೋ ಸೆಟ್ಟಿಂಗ್) ಬದಲಿಸಿದೆ, ಬ್ಲೇಡ್ ಬದಲಿಸಿದೆ, ಬಾಲ ನೆಟ್ಟಗೆ ಇಡುವ ಗೈರೋ ಮತ್ತೆ ಸೆಟ್ ಮಾಡಿದೆ. ಏನೂ ಉಪಯೋಗ ಆಗಲಿಲ್ಲ. ಕೊನೆಗೆ ಬ್ಯಾಟರಿ ಬಿಚ್ಚಿ, ದೊಡ್ಡ ಗೇರಿನ ಮೇಲೆ ಒಂದು ಬೆರಳು ಸುಮ್ನೆ ತಾಗಿಸಿ ಇಟ್ಟು, ಬ್ಲೇಡನ್ನು ಅದು ತಿರುಗುವ ದಿಕ್ಕಿಗೇ ತಳ್ಳಿದೆ. ಬೆರಳಿನ ಕೆಳಗೆ ಗೇರೂ ತಿರುಗಿತು. ಅಂದರೆ ರೋಟರ್ ಜೊತೆ ಗೇರು, ಪಿನಿಯನ್ (ಮೋಟಾರಿನ ಪುಟ್ಟ ಗೇರು), ಮೋಟಾರ್ ಎಲ್ಲವನ್ನೂ ಎಳೆದುಕೊಂಡು ಹೋಗುತ್ತಿತ್ತು. ಶಾಫ್ಟ್ ಬಿಚ್ಚಿದರೆ ಬೇರಿಂಗ್ ತುಂಬಾ ದಪ್ಪ ಗ್ರೀಸ್. ಅಂಗಡಿಯವರು ಜೋಡಿಸಿ ಕೊಟ್ಟ ಮಷೀನ್ ಅದು, ಅವರೇ ತುಂಬಿದ್ದರು.

ಆ ಗ್ರೀಸ್ ಎರಡು ಕಡೆಯಿಂದಲೂ ಕೆಡಿಸುತ್ತದೆ. ಮೋಟಾರ್ ನಿಂತಾಗ ರೋಟರನ್ನು ಎಳೆದು ಹಿಡಿಯುತ್ತದೆ, ಓಡುವಾಗ ರೋಲರ್ ಸರಿಯಾಗಿ ಕಚ್ಚದೆ ಜಾರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಮಷೀನ್ ಎಣ್ಣೆ ಒಂದು ಹನಿ ಬಿಟ್ಟೆ. ಸುಧಾರಿಸಿತು. ಆದರೆ ನಮ್ಮ ಕಡೆಯ ಧೂಳಿಗೆ ಮತ್ತೆ ಮತ್ತೆ ತೊಳೆಯಬೇಕು, ಪ್ರತಿ ಸಲವೂ ಮೇನ್ ಶಾಫ್ಟ್ ಬಿಚ್ಚಬೇಕು. ಇದೇ ಬೇರಿಂಗ್ 500ರಲ್ಲೂ ಇದೆ, ಅದೂ ಧೂಳು ತಿನ್ನುತ್ತದೆ. ಆದರೆ ಅಷ್ಟು ಎಳೆತವನ್ನು ಅದರ ಬ್ಲೇಡ್ ಲೆಕ್ಕಕ್ಕೇ ತಗೊಳ್ಳಲ್ಲ. 450ರ ಬ್ಲೇಡಿನಲ್ಲಿ ಇರುವುದೇ ಸ್ವಲ್ಪ, ಅದರಲ್ಲಿ ಟೇಲ್ ಓಡಿಸಬೇಕು, ಬೇರಿಂಗಿಗೂ ಪಾಲು ಕೊಡಬೇಕು.

ನೆಲದ ಮಾತೂ ಬರಬೇಕು. ಗೋಕುಲ ರಸ್ತೆಯಲ್ಲಿ ವಿಮಾನ ನಿಲ್ದಾಣ ಇರುವಾಗ ಹುಬ್ಬಳ್ಳಿಯೊಳಗೆ ಹಾರಿಸುವ ಮಾತೇ ಇಲ್ಲ. ನಾನು ಹೋಗುವುದು ಅಣ್ಣಿಗೇರಿ ಕಡೆ ನಮ್ಮ ಮಾಮಾನ ಹೊಲಕ್ಕೆ. ಜೋಳ ಕೊಯ್ದ ಮೇಲೆ ಬೇಕಾದಷ್ಟು ಬಯಲು. ಆದರೆ ಎರೆ ಭೂಮಿ. ಬೇಸಿಗೆಯಲ್ಲಿ ಬಿರುಕು, ಜೊತೆಗೆ ಜೋಳದ ಕೂಳೆ. ಆಟೋರೊಟೇಷನ್‌ನಲ್ಲಿ ಒಂಚೂರು ಮುಂದೆ ಜಾರಿ ಇಳಿದರೆ ಸುಲಭ, ಆದರೆ ಈ ನೆಲದಲ್ಲಿ ಜಾರುವ ಹಾಗಿಲ್ಲ. 450ರ ಸ್ಕಿಡ್ (ಕೆಳಗಿನ ಕಾಲು) ಬಿರುಕಿನಲ್ಲಿ ಸಿಕ್ಕಿ ಮಗ್ಗುಲಾಗುತ್ತದೆ, ಬ್ಲೇಡ್ ಬಾಲದ ಕೊಳವೆಗೆ, ಅಂದರೆ ಬೂಮ್‌ಗೆ, ಹೊಡೆಯುತ್ತದೆ. 500 ನಿಂತಲ್ಲೇ ಇಳಿಯುವಷ್ಟು ಸುತ್ತು ಉಳಿಸಿಕೊಂಡಿರುತ್ತದೆ. ಮೊದಲ ಸಲ ಸದ್ದೇ ಇಲ್ಲದೆ ಇಳಿದಾಗ ಬದುವಿನ ಮೇಲಿದ್ದ ಮಾಮಾ, "ಯಾಕಪಾ ತಮ್ಮಾ, ಬ್ಯಾಟರಿ ಖಾಲಿ ಆತೇನು?" ಅಂದರು. ನನಗೆ ಆ ದಿನ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ಗಾಳಿ ಎರಡಕ್ಕೂ ಒಳ್ಳೆಯದೇ. ಆಷಾಢದಲ್ಲಿ ಪಡುವಣ ಗಾಳಿಗೆ ಮೂತಿ ಕೊಟ್ಟು ಇಳಿಸಿದರೆ ನೆಲದ ಮೇಲಿನ ಓಟ ತಾನಾಗಿ ಕಡಿಮೆ. ಆದರೆ ಬಿರುಸು ಜಾಸ್ತಿ ಆದರೆ 450 ಮನೆಯಲ್ಲೇ ಇರಲಿ.

ಹೋಲ್ಡ್ ಬಿಟ್ಟು ಮತ್ತೆ ಮೇಲೇಳುವುದು ಇಎಸ್‌ಸಿಯ ವಿಷಯ, ಸೈಜಿನದ್ದಲ್ಲ. ಸಾಫ್ಟ್ ಸ್ಟಾರ್ಟ್ ಮಾತ್ರ ಇದ್ದರೆ ರೋಟರ್ ನಿಧಾನ ಎದ್ದೇಳುವಷ್ಟರಲ್ಲಿ ಮಷೀನ್ ನೆಲದಲ್ಲಿರುತ್ತದೆ. ಬೇಗ ಸುತ್ತು ಹಿಡಿಸುವ ಬೇಲ್‌ಔಟ್ ಇರುವುದನ್ನೇ ತಗೊಳ್ಳಿ, ಹೋಲ್ಡ್‌ನಲ್ಲಿ ಥ್ರಾಟಲ್ (ಮೋಟಾರಿಗೆ ಹೋಗುವ ಆಜ್ಞೆ) ಎಷ್ಟಿರಬೇಕು ಅಂತ ಅದರ ಕೈಪಿಡಿ ನೋಡಿ. ಎಷ್ಟೋ ಇಎಸ್‌ಸಿಗಳಲ್ಲಿ ಸೊನ್ನೆ ಇಟ್ಟರೆ ಅದು ಕೆಲಸ ಮಾಡಲ್ಲ.

ಖರ್ಚಿನಲ್ಲಿ 450 ಗೆಲ್ಲುತ್ತದೆ, ಒಪ್ಪುತ್ತೇನೆ. ನಾನು ಕೊಡುವ ಬೆಲೆಯಲ್ಲಿ ಒಂದು ಜೊತೆ 425 ಬ್ಲೇಡಿನ ದುಡ್ಡಿಗೆ ಹೆಚ್ಚುಕಡಿಮೆ ಎರಡು ಜೊತೆ 325 ಬರುತ್ತವೆ. ಬ್ಯಾಟರಿಯೂ ಮೂರು ಸೆಲ್ಲಿನದು, 500ಕ್ಕೆ ಆರು ಸೆಲ್ ಬೇಕು. ಬಿಡಿಭಾಗ ಎರಡಕ್ಕೂ ಹೊರಗಿನಿಂದಲೇ ತರಿಸಬೇಕು. ಆದರೆ ನಾನು ಹಾರಿಸುವುದು ಭಾನುವಾರ ಮಾತ್ರ. ಒಂದು ಬೂಮ್ ಮುರಿದರೆ ಪಾರ್ಸಲ್ ಬರುವ ತನಕ ವಾರಗಟ್ಟಲೆ ಕೈಕಟ್ಟಿ ಕೂರಬೇಕು. 500 ಮುರಿಯುವುದೇ ಅಪರೂಪ ಆದ್ದರಿಂದ ನನ್ನ ಲೆಕ್ಕದಲ್ಲಿ ಅದೇ ಅಗ್ಗ. ಮನೆ ಹತ್ತಿರವೇ ಬಯಲಿದ್ದು ದಿನಾ ಸಂಜೆ ಹಾರಿಸುವವರ ಲೆಕ್ಕ ಬೇರೆ ಇರಬಹುದು.

ಬಜೆಟ್ 450ಕ್ಕೇ ನಿಂತರೆ ಅದರಲ್ಲೇ ಸ್ವಲ್ಪ ಭಾರದ ಬ್ಲೇಡ್ ಹಾಕಿಸಿ. ಮೊದಲ ಹಾರಾಟಕ್ಕೂ ಮುಂಚೆ ಗೇರಿನ ಮೇಲೆ ಬೆರಳಿಟ್ಟು ಬ್ಲೇಡ್ ತಳ್ಳಿ ನೋಡಿ. ಗೇರು ಅಲುಗಿದರೆ ಅಂಗಡಿಯಲ್ಲೇ ಬಿಚ್ಚಿಸಿ, ಆಮೇಲೆ ದುಡ್ಡು ಕೊಡಿ.