ಉಡುಪಿಯಿಂದ ಹೊರಟರೆ ಕುದುರೆಮುಖವೋ, ಬಂಡೀಪುರವೋ?

ಮಕ್ಕಳಿಗೆ ಆನೆ, ಜಿಂಕೆ ತೋರಿಸಲೇಬೇಕು ಅಂದ್ರೆ ಬಂಡೀಪುರಕ್ಕೇ ಹೋಗಿ. 1973ರಲ್ಲೇ ಹುಲಿ ಯೋಜನೆಗೆ ಸೇರಿದ ಕಾಡು ಅದು. ಸಫಾರಿ ಇದೆ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಹೆದ್ದಾರಿಯಲ್ಲಿ ಮಾಮೂಲಿ ವಾಹನ ಬಿಡುವುದಿಲ್ಲ, ಪ್ರಾಣಿಗಳು ಚಕ್ರಕ್ಕೆ ಸಿಗಬಾರದು ಅಂತ. ಆದರೆ ನಮಗೆ ದೂರ, ಒಂದೇ ದಿನದಲ್ಲಿ ಆಗದು.

ಕುದುರೆಮುಖ ಕಾರ್ಕಳ ದಾಟಿದರೆ ಸಿಕ್ಕಿತು ಅಲ್ವಾ. ಪ್ರಾಣಿ ಕಾಣುವುದು ಕಡಿಮೆ, ಆದರೂ ನನ್ನ ಆಯ್ಕೆ ಇದೇ. ಮಾಳ ಘಾಟಿಯಲ್ಲಿ ಮರದ ತುದಿ ಅಲುಗಿದರೆ ಗಾಡಿ ನಿಧಾನ ಮಾಡಿ: ಕಪ್ಪು ಮೈ, ಮುಖದ ಸುತ್ತ ಬೂದು ಕೂದಲು, ಬಾಲದ ತುದಿಯಲ್ಲಿ ಕುಚ್ಚು ಇದ್ದರೆ ಅದು ಸಿಂಗಳೀಕ, ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಲ್ಲೂ ಇಲ್ಲ. 2005ರ ಕೊನೆಗೆ ಗಣಿ ನಿಂತು ಉಳಿದ ಕಾಡು ಇದು. ದಯವಿಟ್ಟು ಬಿಸ್ಕತ್ತು ಎಸೆಯಬೇಡಿ, ಅದಕ್ಕಾಗಿ ಮಂಗಗಳು ರಸ್ತೆಗಿಳಿಯುತ್ತವೆ.